ಬಿಳಿ ಕಾರಿನ ಪಿಕಪ್

ಕುಳಗೇರಿ ಕ್ರಾಸಿನ ಬಟ್ಟೆ ಅಂಗಡಿಗೆ ಸೀರೆ ಮುಟ್ಟಿಸಿ ಬಾಗಲಕೋಟೆಯತ್ತ ಹೊರಟಿದ್ದ ಸುಶ್ಮಿತಾಳ ಮುಂದೆ ಕಲ್ಲಿನ ದಿಮ್ಮಿ ಹೇರಿದ ಲಾರಿಯೊಂದು ತೆವಳುತ್ತಿತ್ತು. ಎದುರಿನ ರಸ್ತೆ ಬಹಳ ದೂರದವರೆಗೆ ಖಾಲಿಯಿತ್ತು. ದೂರದಲ್ಲಿ ಒಂದು ಬಸ್ಸು ಚುಕ್ಕೆಯಂತೆ ಕಾಣುತ್ತಿತ್ತು. ಅದು ಹತ್ತಿರ ಬರುವಷ್ಟರಲ್ಲಿ ಲಾರಿಯನ್ನು ದಾಟಿ ಎಡಕ್ಕೆ ಸೇರಿಕೊಳ್ಳಬಹುದೆಂದು ಅವಳಿಗೆ ಗೊತ್ತಿತ್ತು. ಇಂಥ ಜಾಗವನ್ನು ಕಣ್ಣಲ್ಲೇ ಅಳೆಯುವುದು ಮೂರು ವರ್ಷಗಳಿಂದ ಅವಳ ದಿನನಿತ್ಯದ ಕೆಲಸವಾಗಿತ್ತು. ಗೇರು ಇಳಿಸಿ, ಬಲಕ್ಕೆ ಬಂದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಳು.

ಕಾರು ಓಡಿತು. ಆದರೆ ಅದು ಓಡಬೇಕಾದ ಹಾಗೆ ಓಡಲಿಲ್ಲ. ಬೆನ್ನನ್ನು ಸೀಟಿಗೆ ಒತ್ತುವ ಆ ಎಳೆತ ಬರಲೇ ಇಲ್ಲ. ಲಾರಿಯ ನಡುಗಾಲಿಗಳ ಪಕ್ಕಕ್ಕೆ ಬರುವ ಹೊತ್ತಿಗೆ ಬಸ್ಸಿನವನು ಲೈಟು ಹೊಡೆಯತೊಡಗಿದ್ದ. ಹಿಂದೆ ಸರಿಯೋಣವೆಂದರೆ ಲಾರಿಯ ಬೆನ್ನಿಗೆ ಇನ್ನೊಂದು ಕಾರು ಬಂದು ಅಂಟಿಕೊಂಡಿತ್ತು. ಕಾಲನ್ನು ಇನ್ನಷ್ಟು ಒತ್ತಿದಳು. ಒತ್ತಲು ಇನ್ನೇನೂ ಉಳಿದಿರಲಿಲ್ಲ. ಕೊನೆಗೆ ಲಾರಿಯವನೇ ಬ್ರೇಕು ಹಾಕಿ ಜಾಗ ಬಿಟ್ಟ. ಅವಳ ಕಾರು ಎಡಕ್ಕೆ ಹೊರಳಿದ್ದೇ ತಡ, ಬಸ್ಸು ಕಿಟಕಿಯ ಪಕ್ಕದಲ್ಲಿ ಗಾಳಿಯನ್ನು ಸೀಳಿಕೊಂಡು ಹೋಯಿತು.

ಸ್ವಲ್ಪ ಮುಂದೆ ಹೋಗಿ ಒಂದು ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸಿದಳು. ತಪ್ಪು ತನ್ನದೇ ಇರಬಹುದೇ ಎಂದು ಮೊದಲು ಯೋಚಿಸಿದಳು. ಗೇರು ಸರಿಯಾಗಿಯೇ ಇತ್ತು, ಜಾಗವೂ ಇತ್ತು. ಹಾಗಾದರೆ ಕಾರಿನಲ್ಲೇ ಏನೋ ಆಗಿದೆ ಎಂಬ ಅನುಮಾನ ಅಲ್ಲಿ ಹುಟ್ಟಿತು. ಅಂದು ಮನೆಗೆ ಬಂದು ಯಾರಿಗೂ ಏನೂ ಹೇಳದೆ ಉಂಡು ಮಲಗಿದಳು.

ಇಳಕಲ್ಲಿನ ನೇಕಾರರ ಮನೆ ಅವರದು. ಅಪ್ಪ ಗೋವಿಂದಪ್ಪ ತೀರಿಕೊಂಡ ಮೇಲೆ ತಮ್ಮ ಮಲ್ಲು ಓಣಿಯ ಕೊನೆಯ ಶೆಡ್ಡಿನಲ್ಲಿ ಪವರ್‌ಲೂಮ್ ನೋಡಿಕೊಳ್ಳುತ್ತಿದ್ದ. ತಾಯಿ ಅಂಬವ್ವ ಮಾತ್ರ ಮನೆಯ ಕುಣಿಮಗ್ಗವನ್ನು, ಗುಂಡಿಯಲ್ಲಿ ಕಾಲಿಳಿಸಿ ತುಳಿಯುವ ಕೈಮಗ್ಗವನ್ನು, ಬಿಟ್ಟಿರಲಿಲ್ಲ. ಸೀರೆಗಳನ್ನು ಹುನಗುಂದ, ಬಾದಾಮಿ, ಬಾಗಲಕೋಟೆಯ ಅಂಗಡಿಗಳಿಗೆ ಮುಟ್ಟಿಸುವ ಕೆಲಸ ಸುಶ್ಮಿತಾಳದು. ಕಾರು ಕೊಳ್ಳುವಾಗ ಮಲ್ಲು ಸಾಮಾನು ಹೇರುವ ಗಾಡಿ ತೆಗೆದುಕೊಳ್ಳೋಣವೆಂದು ಹಟ ಹಿಡಿದಿದ್ದ. ಅವಳು ಕೇಳಲಿಲ್ಲ. ಟರ್ಬೊ ಇಂಜಿನ್ನಿನ ಸಣ್ಣ ಬಿಳಿ ಕಾರು ತಂದಳು. ಎರಡೇ ಸಾಲಿನ ರಸ್ತೆಯಲ್ಲಿ ಲಾರಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ದಿನವಿಡೀ ಓಡಾಡುವವಳಿಗೆ ಪಿಕಪ್ ಅನ್ನುವುದು ಶೋಕಿಯಲ್ಲ, ಜೀವ ಉಳಿಸುವ ವಸ್ತು ಎಂಬುದು ಅವಳ ವಾದವಾಗಿತ್ತು.

ಮೊದಲ ಅನುಮಾನ ಪೆಟ್ರೋಲಿನ ಮೇಲೆ ಬಿತ್ತು. ಟ್ಯಾಂಕು ಖಾಲಿಯಾಗುವವರೆಗೆ ಓಡಿಸಿ, ಬೇರೆ ಬಂಕಿನಲ್ಲಿ ತುಂಬಿಸಿ ನೋಡಿದಳು. ಊರೊಳಗೆ ಕಾರು ಚೆನ್ನಾಗಿಯೇ ಓಡುತ್ತಿತ್ತು. ಹೆದ್ದಾರಿಯಲ್ಲಿ ಪೂರ್ತಿ ಒತ್ತಿದಾಗ ಮಾತ್ರ ಅದೇ ಸೋಮಾರಿತನ.

ಎರಡನೆಯ ಅನುಮಾನ ಹುಸೇನಸಾಬನ ಮೇಲೆ. ಇಳಕಲ್ಲಿನಲ್ಲಿ ಅವನದೊಂದು ಗ್ಯಾರೇಜು. ಎರಡು ವಾರದ ಹಿಂದೆ ಅವನೇ ಸರ್ವಿಸ್ ಮಾಡಿದ್ದ. ಅವನು ಸ್ಕ್ಯಾನರ್ ಹಚ್ಚಿ ನೋಡಿದ, ಏರ್ ಫಿಲ್ಟರ್ ಬಿಚ್ಚಿ ನೋಡಿದ, ಟರ್ಬೊದ ಪೈಪುಗಳನ್ನು ಕೈಯಿಂದ ತಡವಿ ನೋಡಿದ.

"ಏನೂ ಇಲ್ಲ ತಂಗಿ, ಗಾಡಿ ಬರೋಬ್ಬರಿ ಐತಿ. ನಿನಗ ಮನಸಿನಾಗ ಹಂಗ ಅನಸಾಕತ್ತಿರಬೇಕು," ಅಂದ.

ಆ ಮಾತು ಅವಳಿಗೆ ಚುಚ್ಚಿತು. ಏನೂ ಇಲ್ಲ ಎಂದು ಅಷ್ಟು ಬೇಗ ಹೇಳಿದ್ದೇಕೆ? ಸರ್ವಿಸ್ ಮಾಡುವಾಗ ಒಳ್ಳೆಯ ಭಾಗವೊಂದನ್ನು ತೆಗೆದು ಹಳೆಯದನ್ನು ಕೂರಿಸಿರಬಹುದೇ? ಅಪ್ಪನ ಕಾಲದಿಂದ ಮನೆಗೆ ಬಂದು ಹೋಗುವ ಮನುಷ್ಯನ ಬಗ್ಗೆ ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯಾದರೂ ಯೋಚನೆ ಬಿಟ್ಟು ಹೋಗಲಿಲ್ಲ. ಕಾರನ್ನು ಅವನ ಕೈಯಿಂದ ಬಿಡಿಸಿಕೊಂಡು ಬಂದವಳಂತೆ ಮನೆಗೆ ಬಂದಳು.

ಮೂರನೆಯ ಅನುಮಾನ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಗೆಳೆಯನ ಮೇಲೆ ಬಿತ್ತು.

ಗೌತಮ ಅವಳ ಜೊತೆ ಡಿಪ್ಲೊಮಾ ಓದಿದವನು. ಈಗ ಬಾಗಲಕೋಟೆಯ ನವನಗರದಲ್ಲಿ ಸರ್ಕಾರಿ ನೌಕರಿ. ಅವನದೂ ಅದೇ ಮಾಡೆಲ್ಲಿನ ಕಾರು, ಕೆಂಪು ಬಣ್ಣದ್ದು. ಇಂಥ ಸಣ್ಣ, ಚುರುಕು ಕಾರುಗಳಿರುವ ನಾಲ್ಕಾರು ಜನ ಕೆಲವು ಭಾನುವಾರ ನವನಗರದ ಹೊರಗೆ, ರಸ್ತೆಯಾಗಿಯೂ ಮನೆಗಳು ಏಳದ ಒಂದು ಬಡಾವಣೆಯಲ್ಲಿ ಸೇರುತ್ತಿದ್ದರು. ಅದು ರೇಸಲ್ಲ. ಒಂದೊಂದೇ ಕಾರು ಓಡುತ್ತಿತ್ತು. ಕಂಪನಿಯವರು ಹೇಳುವ ಪಿಕಪ್ಪು ಒಬ್ಬನೇ ಡ್ರೈವರು ಕುಳಿತು, ಎಸಿ ಬಂದ್ ಮಾಡಿ ತೆಗೆದ ಲೆಕ್ಕ, ನಮ್ಮ ಬದುಕಿನದು ಬೇರೆ ಎಂದು ಗೌತಮ ಹೇಳುತ್ತಿದ್ದ. ಅದಕ್ಕೆ ಅವರದೇ ನೇಮವಿತ್ತು: ಕಾರಿನಲ್ಲಿ ಇಬ್ಬರು ಇರಬೇಕು, ಎಸಿ ಹಾಕಿರಬೇಕು, ರಸ್ತೆಯ ಇಳಿಜಾರಿನ ಲಾಭ ಯಾರಿಗೂ ಸಿಗದಂತೆ ಎರಡೂ ದಿಕ್ಕಿಗೆ ಓಡಿಸಬೇಕು. ನಿಂತಲ್ಲಿಂದ ಹಾರುವುದಕ್ಕಿಂತ, ನಲವತ್ತರ ವೇಗದಿಂದ ನೂರಕ್ಕೆ ಎಷ್ಟು ಬೇಗ ಮುಟ್ಟುತ್ತದೆ ಎನ್ನುವುದನ್ನೇ ಅವರು ಹೆಚ್ಚು ನೋಡುತ್ತಿದ್ದರು. ಲಾರಿ ದಾಟುವಾಗ ಬೇಕಾಗುವುದು ಅದೇ. ಬದಿಗೆ ಪಟ್ಟೆ, ಹಿಂದೆ ರೆಕ್ಕೆ ಹಚ್ಚಿಕೊಂಡ ಕಾರೊಂದು ಈ ಲೆಕ್ಕದಲ್ಲಿ ಸಾದಾ ಕಾರಿಗಿಂತ ಹಿಂದೆ ಬಿದ್ದದ್ದನ್ನು ಕಂಡು ಅವರೆಲ್ಲ ಒಮ್ಮೆ ಬಹಳ ನಕ್ಕಿದ್ದರು.

ಸುಶ್ಮಿತಾ ಮನೆಯಲ್ಲಿ ಇದನ್ನು ಹೇಳಿರಲಿಲ್ಲ. ಭಾನುವಾರ ನವನಗರದ ಅಂಗಡಿಗಳಿಗೆ ಹೋಗಬೇಕು ಎನ್ನುತ್ತಿದ್ದಳು. ತೋರಿಕೆಗೆ ಸೀರೆಯ ಗಂಟೊಂದನ್ನು ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು.

ದೀಪಾವಳಿಗೆ ಮೊದಲು ಅವಳ ಕಾರು, ಗೌತಮನ ಕಾರು ಸರಿಸಮ ಓಡಿದ್ದವು. ಈ ಸಲ ಬಿಳಿ ಕಾರು ನೂರಕ್ಕೆ ಮುಟ್ಟಲು ಕೆಂಪು ಕಾರಿಗಿಂತ ಮೂರು ಸೆಕೆಂಡಿಗೂ ಹೆಚ್ಚು ಹೊತ್ತು ತೆಗೆದುಕೊಂಡಿತು. ಇನ್ನೊಂದು ದಿಕ್ಕಿಗೂ ಅಷ್ಟೇ. ಪಟ್ಟೆಯ ಕಾರಿನವನು ಕ್ಲಚ್ ಸವೆದಿರಬೇಕೆಂದ. ಇನ್ನೊಬ್ಬ ಅವಳು ಗೇರು ತಪ್ಪಿ ಹಾಕಿರಬೇಕೆಂದ. ಗೌತಮ ಮಾತ್ರ ಸುಮ್ಮನೆ ಅವಳ ಕಾರನ್ನು ನೋಡುತ್ತ ನಿಂತಿದ್ದ. ಆ ಸುಮ್ಮನಿರುವಿಕೆಯೇ ಅವಳ ತಲೆಯಲ್ಲಿ ಏನನ್ನೋ ಹೊತ್ತಿಸಿತು. ಹಿಂದಿನ ಸಲ ಅವನು ತನ್ನ ಸಣ್ಣ ಡಬ್ಬಿಯೊಂದನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿ, ಇಂಜಿನ್ನಿನ ಕಂಪ್ಯೂಟರ್ ಏನು ಹೇಳುತ್ತದೆ ನೋಡುತ್ತೇನೆ ಎಂದು ಬಹಳ ಹೊತ್ತು ಕುಳಿತಿದ್ದ. ಕಾರು ಮಂಕಾದದ್ದು ಅದರ ನಂತರವೇ.

"ಗೌತಮ, ಅವತ್ತ ನೀ ನನ್ನ ಗಾಡ್ಯಾಗ ಏನ್ ಬದಲ್ ಮಾಡಿದಿ?" ಎಂದು ಎಲ್ಲರೆದುರೇ ಕೇಳಿದಳು.

ಅವನು ಅರ್ಥವಾಗದೆ ನೋಡಿದ. ಅವಳು ಬಿಡಲಿಲ್ಲ. ಡಬ್ಬಿಯ ಮಾತು ತೆಗೆದಳು, ತನ್ನ ಕಾರು ಹಿಂದೆ ಬಿದ್ದರೆ ಯಾರ ಕಾರು ಮುಂದೆ ಇರುತ್ತದೆ ಎಂದಳು, ಕುಳಗೇರಿ ಕ್ರಾಸಿನ ಹತ್ತಿರ ತಾನು ಸಾಯುತ್ತಿದ್ದೆ ಎಂದಳು. ಗೌತಮನ ಮುಖ ಕೆಂಪಾಯಿತು. ಆದರೆ ಅವನು ದನಿ ಏರಿಸಲಿಲ್ಲ. ಕಿಸೆಯಿಂದ ತನ್ನ ಕಾರಿನ ಕೀ ತೆಗೆದು ಅವಳ ಮುಂದೆ ಹಿಡಿದ.

"ನಾ ಬರೇ ಓದೀನಿ, ಏನೂ ಬದಲ್ ಮಾಡಿಲ್ಲ. ನಂಬಿಕಿ ಇಲ್ಲಂದ್ರ ನನ್ನ ಗಾಡಿ ನೀನ ಓಡಿಸಿ ನೋಡು."

ಸುಶ್ಮಿತಾ ಕೆಂಪು ಕಾರಿನಲ್ಲಿ ಕುಳಿತಳು. ಪಟ್ಟೆಯ ಕಾರಿನವನು ಪಕ್ಕದಲ್ಲಿ ಕುಳಿತ. ನಲವತ್ತರ ವೇಗಕ್ಕೆ ತಂದು, ಗೇರು ಇಳಿಸಿ, ಕಾಲು ಒತ್ತಿದಳು. ಕಾರು ಮುಂದಕ್ಕೆ ನೆಗೆಯಿತು. ಆದರೆ ಅವಳ ಲಕ್ಷ್ಯ ವೇಗದ ಮೇಲೆ ಇರಲಿಲ್ಲ. ಅವಳ ಕಾಲು ಕೆಳಗೆ ಹೋಗುತ್ತಲೇ ಇತ್ತು. ತನ್ನ ಕಾರಿನಲ್ಲಿ ಎಲ್ಲಿ ತಡೆದು ನಿಲ್ಲುತ್ತಿತ್ತೋ ಆ ಜಾಗವನ್ನೂ ದಾಟಿ, ಇನ್ನೂ ಎರಡು ಬೆರಳಿನಷ್ಟು ಕೆಳಗಿಳಿದು ನೆಲಕ್ಕೆ ತಾಗಿತು.

ಓಟವನ್ನು ಅರ್ಧಕ್ಕೇ ನಿಲ್ಲಿಸಿ ಕಾರು ತಿರುಗಿಸಿಕೊಂಡು ಬಂದಳು. ಯಾರ ಜೊತೆಗೂ ಮಾತಾಡದೆ ತನ್ನ ಕಾರಿನ ಬಾಗಿಲು ತೆರೆದು, ಮೊಣಕಾಲೂರಿ, ಪೆಡಲಿನ ಕೆಳಗಿನ ರಬ್ಬರ್ ಮ್ಯಾಟನ್ನು ಎತ್ತಿದಳು. ಮ್ಯಾಟಿನ ಅಡಿಯಲ್ಲಿ, ಪೆಡಲಿಗೆ ಸರಿಯಾಗಿ, ಒಂದು ಮರದ ತುಂಡು ಅಂಟಿಕೊಂಡಿತ್ತು. ಅಲುಗಾಡಿ ಸಪ್ಪಳವಾಗದಂತೆ ಅದಕ್ಕೆ ಬಟ್ಟೆ ಸುತ್ತಿದ್ದರು, ಬಟ್ಟೆಯ ಮೇಲೆ ಕೆಂಪು ರೇಷ್ಮೆಯ ನೂಲಿನಿಂದ ಬಿಗಿಯಾಗಿ ಕಟ್ಟಿದ್ದರು. ಪೆಡಲ್ ಪೂರ್ತಿ ಇಳಿಯದಂತೆ ಯಾರೋ ತಡೆ ಇಟ್ಟಿದ್ದರು. ಸಾವಕಾಶ ಓಡಿಸಿದರೆ ಗೊತ್ತೇ ಆಗುತ್ತಿರಲಿಲ್ಲ. ಇಂಜಿನ್ನಿನ ಕೊನೆಯ ಶಕ್ತಿ ಬೇಕಾದಾಗ ಮಾತ್ರ ಅದು ಸಿಗುತ್ತಿರಲಿಲ್ಲ. ಯಂತ್ರದಲ್ಲಿ ದೋಷವೇ ಇಲ್ಲದ್ದರಿಂದ ಹುಸೇನಸಾಬನ ಸ್ಕ್ಯಾನರಿಗೂ ಏನೂ ಕಂಡಿರಲಿಲ್ಲ.

ಗೌತಮ ಬಗ್ಗಿ ನೋಡಿದ. ಆ ನೂಲನ್ನು ಅವನೂ ಗುರುತಿಸಿದ. ಇಳಕಲ್ ಸೀರೆಯ ಸೆರಗಿನ ನೂಲು ಅದು.

"ಇದು ನಿಮ್ಮ ಮನಿದ ಐತಿ ಸುಶ್ಮಿತಾ," ಎಂದಷ್ಟೇ ಹೇಳಿ ತನ್ನ ಕೀ ತೆಗೆದುಕೊಂಡು ಹೋದ. ತಪ್ಪಾಯಿತು ಅನ್ನಬೇಕೆಂದು ಅವಳಿಗೆ ಅನಿಸಿತು. ಅಷ್ಟರಲ್ಲಿ ಕೆಂಪು ಕಾರು ಹೊರಟುಹೋಗಿತ್ತು.

ಇಳಕಲ್ಲಿಗೆ ಬರುವ ದಾರಿಯುದ್ದಕ್ಕೂ ಯಾವ ಗಾಡಿಯನ್ನೂ ದಾಟಲಿಲ್ಲ. ಅನುಮಾನ ಈಗ ಮನೆಯೊಳಗೇ ಬಂದು ಕುಳಿತಿತ್ತು. ಕಾರು ತೊಳೆಯುವವನು ಮಲ್ಲು. ಮ್ಯಾಟು ತೆಗೆದು ಕೊಡವುವವನೂ ಅವನೇ. ಈ ಕಾರು ಬೇಡವೆಂದು ಮೊದಲಿನಿಂದ ಹೇಳಿದವನು, ಈಗಲೂ ಇದನ್ನು ಮಾರಿ ಸಾಮಾನಿನ ಗಾಡಿ ತರೋಣ ಎನ್ನುವವನು. ಕಾರು ಕೆಟ್ಟಿದೆ ಎಂದು ಅವಳೇ ಬೇಸತ್ತು ಮಾರಲಿ ಎಂದು ಮಾಡಿರಬಹುದಲ್ಲ?

ಸಂಜೆ ಅವನು ಶೆಡ್ಡಿನಿಂದ ಬಂದಾಗ ಮರದ ತುಂಡನ್ನು ಅವನ ಮುಂದೆ ಇಟ್ಟಳು. ಮಲ್ಲು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಗಾಡಿ ತೊಳೆಯುವಾಗ ಕಂಡಿದ್ದೆ, ಹಿಮ್ಮಡಿ ಊರಲು ಅಕ್ಕನೇ ಇಟ್ಟುಕೊಂಡಿರಬೇಕು ಅಂದುಕೊಂಡು ಇದ್ದಲ್ಲೇ ಬಿಟ್ಟೆ ಎಂದ. ಅವಳು ನಂಬಲಿಲ್ಲ. ಸುಳ್ಳು ಹೇಳಬೇಡ ಎಂದಳು. ಲಾರಿ, ಬಸ್ಸುಗಳ ನಡುವೆ ಸಿಕ್ಕಿದ್ದನ್ನೂ ಹೇಳಿದಳು. ಆ ಹೊತ್ತಿಗೆ ಅಂಬವ್ವ ನೀರು ತರಲು ಹೊರಗೆ ಹೋಗಿದ್ದಳು.

ಮಲ್ಲು ತುಂಡನ್ನು ಕೆಳಗಿಟ್ಟ.

"ಗಾಡಿ ಸಲುವಾಗಿ ನಾ ನಿನ್ನ ಜೀವಾ ತಗೀತೇನೇನಕ್ಕಾ?" ಅಂದ. ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿಗೆ ಹೊರಟುಹೋದ. ಅಂದು ಉಣ್ಣಲು ಬರಲಿಲ್ಲ. ಮರುದಿನವೂ ಬರಲಿಲ್ಲ. ಲೂಮುಗಳ ಕೆಲಸ ಹೆಚ್ಚಾಗಿದೆಯಂತೆ ಎಂದು ಅಂಬವ್ವನಿಗೆ ಹೇಳಿ ಸುಶ್ಮಿತಾ ಮಾತು ಮುಚ್ಚಿದಳು. ಅಂಬವ್ವ ಬುತ್ತಿ ಕಟ್ಟಿ ಶೆಡ್ಡಿಗೆ ಕಳಿಸಿದಳು.

ತಮ್ಮನ ಆ ಮಾತು ಅವಳನ್ನು ಕೊರೆಯುತ್ತಿತ್ತು. ಹಾಗೆಂದು ಅನುಮಾನವೂ ಸಾಯಲಿಲ್ಲ, ಅತ್ತಿತ್ತ ಅಲೆಯತೊಡಗಿತು. ಪಕ್ಕದ ಮನೆಯ ಸಿದ್ದವ್ವ ಕಾರಿನ ಹತ್ತಿರ ಮೆಣಸಿನಕಾಯಿ ಹರವಿದರೂ ಸುಶ್ಮಿತಾ ಕಿಟಕಿಯಿಂದ ಇಣುಕಿ ನೋಡುತ್ತಿದ್ದಳು. ಕೀಯನ್ನು ಗೋಡೆಯ ಮೊಳೆಗೆ ಹಾಕುವುದನ್ನು ಬಿಟ್ಟು ಚೀಲದಲ್ಲಿ ಇಟ್ಟುಕೊಳ್ಳತೊಡಗಿದಳು. ಮೂರನೆಯ ದಿನ ಬೆಳಿಗ್ಗೆ ಮರೆತೋ, ಬೇಕೆಂದೋ, ಕೀಯನ್ನು ಮೊಳೆಗೆ ಹಾಕಿ ಸ್ನಾನಕ್ಕೆ ಹೋದಳು. ತಲೆ ಒರೆಸಿಕೊಳ್ಳುತ್ತ ಹೊರಬಂದಾಗ ಮೊಳೆ ಖಾಲಿಯಿತ್ತು.

ಕಾರಿನ ಬಾಗಿಲು ತೆರೆದಿತ್ತು. ಅಂಬವ್ವ ಸೀರೆಯ ನಿರಿಗೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಒಳಗೆ ಬಗ್ಗಿ, ಮ್ಯಾಟಿನ ಕೆಳಗೆ ಕೈಯಾಡಿಸುತ್ತಿದ್ದಳು.

ಸುಶ್ಮಿತಾ ಅಲ್ಲೇ ನಿಂತಳು. ಇಷ್ಟು ದಿನ ಲೋಕದವರನ್ನೆಲ್ಲ ಅನುಮಾನಿಸಿದವಳಿಗೆ ಈ ಒಬ್ಬಳ ನೆನಪು ಬಂದಿರಲಿಲ್ಲ.

"ಏನ್ ಹುಡಕಾಕತ್ತಿಯವ್ವಾ?"

ಅಂಬವ್ವ ಬೆಚ್ಚಲಿಲ್ಲ. ಸಾವಕಾಶ ಮೇಲೆದ್ದು, ಕೈ ಒರೆಸಿಕೊಂಡು, "ತಗದ ಇಟ್ಟಿಯೇನು ಅದನ್ನ?" ಎಂದು ಕೇಳಿದಳು.

ಕೀ ಮೊಳೆಯ ಮೇಲೆ ಇಲ್ಲದ್ದನ್ನು ಕಂಡು ಅವಳಿಗೆ ಸಂಶಯ ಬಂದಿತ್ತು. ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಭಾನುವಾರ ನವನಗರಕ್ಕೆ ಹೋಗುತ್ತಿದ್ದ ಸೀರೆಯ ಗಂಟು ತಾನು ಹಾಕಿದ ಕಟ್ಟಿನಲ್ಲೇ, ಬಿಚ್ಚದೆ ತಿರುಗಿ ಬರುತ್ತಿತ್ತು. ಎರಡು ಸಲ ನೋಡಿದಳು, ಮೂರು ಸಲ ನೋಡಿದಳು. ಮಗಳು ಎಲ್ಲಿಗೋ ಹೋಗುತ್ತಿದ್ದಾಳೆ ಎಂದು ಗೊತ್ತಾಯಿತು, ಎಲ್ಲಿಗೆಂದು ಗೊತ್ತಾಗಲಿಲ್ಲ. ದೀಪಾವಳಿಯ ಹೊತ್ತಿಗೆ ಮಲ್ಲು ತನ್ನ ಫೋನಿಗೆ ಯಾರೋ ಕಳಿಸಿದ ಒಂದು ವಿಡಿಯೊ ತೋರಿಸಿದ, ನೋಡು ಅಕ್ಕ ಹ್ಯಾಂಗ ಓಡಿಸ್ತಾಳ ಎಂದು ಹೆಮ್ಮೆಯಿಂದ. ಕಾರು ಬಾಣದಂತೆ ಹೋಗುತ್ತಿತ್ತು, ಗಂಡಸರು ನಿಂತು ನೋಡುತ್ತಿದ್ದರು, ಮಗಳು ನಗುತ್ತಿದ್ದಳು.

"ಸೀರಿ ಅಂಗಡಿ ಅಂದಿದ್ದಿ. ಅಲ್ಲಿ ಒಂದ ಅಂಗಡಿ ಇರಲಿಲ್ಲ, ಒಂದ ಮನಿ ಇರಲಿಲ್ಲ. ಕೇಳಿದ್ರ ಇನ್ನೊಂದ ಸುಳ್ಳ ಹೇಳ್ತಿದ್ದಿ. ಅದಕ್ಕ ಕೇಳಲಿಲ್ಲ."

ಆ ವೇಗವನ್ನು ಕಂಡಾಗಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಮಗ್ಗದಲ್ಲಿ ತುಳಿಯುವ ಹಲಗೆ ತೀರಾ ಕೆಳಗೆ ಹೋಗಿ ಎಳೆ ಹರಿಯತೊಡಗಿದರೆ ಅದರ ಅಡಿಗೆ ಒಂದು ತುಂಡು ಇಡುತ್ತಾರೆ. ಕಾರಿಗೂ ತುಳಿಯುವ ಹಲಗೆಯೇ ಇದೆಯಲ್ಲ ಎಂದು ಹಾಗೆಯೇ ಮಾಡಿದಳು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ.

"ಸಾವಕಾಶ ಹೋದ್ರ ಉಳೀತಿ ಅನಕೊಂಡ್ನೆವ್ವಾ," ಅಂದಳು.

ಸುಶ್ಮಿತಾ ಕುಳಗೇರಿ ಕ್ರಾಸಿನ ಲಾರಿಯ ಕಥೆಯನ್ನು ಹೇಳಿದಳು. ಸಿಟ್ಟಿನಿಂದ ಹೇಳಬೇಕೆಂದಿದ್ದಳು. ಅರ್ಧಕ್ಕೆ ಬರುವಷ್ಟರಲ್ಲಿ ಅಂಬವ್ವನ ಮುಖ ಕಂಡು ದನಿ ತಾನಾಗಿಯೇ ಇಳಿಯಿತು. ದಾಟುವಾಗ ಕಾರು ಎಷ್ಟು ಜೋರಾಗಿ ಹೋಗುತ್ತದೋ ಅಷ್ಟು ಕಡಿಮೆ ಹೊತ್ತು ಎದುರಿನ ಬಸ್ಸಿನ ದಾರಿಯಲ್ಲಿ ಇರುತ್ತೇವೆ, ಆ ತುಂಡು ತನ್ನನ್ನು ಅಲ್ಲಿಯೇ ಹಿಡಿದು ನಿಲ್ಲಿಸಿತ್ತು ಎಂದು ಬಿಡಿಸಿ ಹೇಳಿದಳು. ಅಂಬವ್ವ ಕಾರಿನ ಬಾಗಿಲನ್ನು ಹಿಡಿದುಕೊಂಡೇ ಕೆಳಗೆ, ಕಟ್ಟೆಯ ಮೇಲೆ ಕುಸಿದು ಕುಳಿತಳು. ಯಾವತ್ತು ಎಂದು ಒಮ್ಮೆ ಕೇಳಿದಳು. ಹೋದ ವಾರ, ಮಂಗಳವಾರ ಎಂದಳು ಸುಶ್ಮಿತಾ. ಅಂದು ಏನೂ ಮಾತಾಡದೆ ರೊಟ್ಟಿ ಉಂಡು ಎದ್ದ ಮಗಳು ಅಂಬವ್ವನಿಗೆ ನೆನಪಾಗಿರಬೇಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನನಗ ಹೇಳಬೇಕಿತ್ತವ್ವಾ ನೀ," ಅಂದಳು ಸುಶ್ಮಿತಾ.

"ನೀನೂ ಹೇಳಬೇಕಿತ್ತು," ಅಂದಳು ಅಂಬವ್ವ.



ಅಂದೇ ಅಂಬವ್ವ ಶೆಡ್ಡಿಗೆ ಹೋಗಿ ಮಲ್ಲುವಿನ ಮುಂದೆ ನಿಜ ಹೇಳಿದಳು. ಮಲ್ಲು ಅಕ್ಕನ ಮೇಲಿನ ಸಿಟ್ಟನ್ನೆಲ್ಲ ತಾಯಿಯ ಮೇಲೆ ತಿರುಗಿಸಿದ. ಎರಡು ದಿನ ಅವಳೊಂದಿಗೆ ಮಾತು ಬಿಟ್ಟ. ಅಕ್ಕ ಹೋಗಿ ಕರೆದಾಗ ಮನೆಗೆ ಬಂದ. ಆದರೆ ಅವಳು ಕ್ಷಮಿಸು ಅಂದದ್ದಕ್ಕೆ ಆಗಲಿ ಎಂದನೇ ಹೊರತು ಮೊದಲಿನ ಸಲಿಗೆ ಕೂಡಲೇ ಬರಲಿಲ್ಲ. ಅದು ಬರಲು ಬೇಸಿಗೆಯವರೆಗೆ ಕಾಯಬೇಕಾಯಿತು.

ಗೌತಮನ ಮನೆಗೆ ಹೋಗುವುದು ಇನ್ನೂ ಕಷ್ಟವಾಯಿತು. ಅವನ ತಾಯಿ ಚಂದವ್ವ ಚಹಾ ತಂದಿಟ್ಟು ಒಳಗೆ ಹೋದ ಮೇಲೆ ಸುಶ್ಮಿತಾ ನಡೆದದ್ದನ್ನೆಲ್ಲ ಹೇಳಿ ತಪ್ಪಾಯಿತು ಅಂದಳು. ಗೌತಮ ಕೇಳಿದ, ತಲೆಯಾಡಿಸಿದ, ನಿಮ್ಮವ್ವ ಗಟ್ಟಿಗಿತ್ತಿ ಎಂದು ಸ್ವಲ್ಪ ನಕ್ಕ. ಹೊರಡುವಾಗ ಬಾಗಿಲವರೆಗೂ ಬಂದು, ಇನ್ನು ಮುಂದೆ ಡಬ್ಬಿಯನ್ನು ತಾನು ಸಿಕ್ಕಿಸುವುದಿಲ್ಲ, ಬೇಕಾದರೆ ಅವಳೇ ಸಿಕ್ಕಿಸಿಕೊಂಡು ಓದಲಿ ಎಂದ. ಅವನ ಮಾತಿನಲ್ಲಿ ಕಹಿಯಿರಲಿಲ್ಲ. ಎಚ್ಚರವಿತ್ತು. ತಾನೇ ಅವನಿಗೆ ಆ ಎಚ್ಚರವನ್ನು ಕಲಿಸಿದೆನೆಂದು ಅವಳಿಗೆ ದಾರಿಯಲ್ಲಿ ಅನಿಸಿತು.

ಮುಂದಿನ ಸಲ ನವನಗರಕ್ಕೆ ಹೊರಟಾಗ ಎಲ್ಲಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿದಳು. ಅಂಬವ್ವ ಚಾದರ ಹೊದ್ದು ಬಂದು, ಕೇಳದೆಯೇ ಮುಂದಿನ ಸೀಟಿನಲ್ಲಿ ಕುಳಿತಳು. ಬಡಾವಣೆಯಲ್ಲಿ ನಿಂತವರೆಲ್ಲ ತಬ್ಬಿಬ್ಬಾದರು. ಪಟ್ಟೆಯ ಕಾರಿನವನು ಕೈಮುಗಿದ. ಕಾರಿನಲ್ಲಿ ಇಬ್ಬರಿರಬೇಕೆಂಬ ನೇಮವನ್ನು ಗೌತಮ ವಿವರಿಸಿದಾಗ, ಆ ಇನ್ನೊಬ್ಬಳು ತಾನೇ ಆಗುತ್ತೇನೆ ಎಂದಳು ಅಂಬವ್ವ.

ಓಟ ಶುರುವಾದಾಗ ಅವಳು ಒಂದು ಕೈಯಿಂದ ಸೀಟಿನ ಬೆಲ್ಟನ್ನೂ ಇನ್ನೊಂದರಿಂದ ಬಾಗಿಲ ಹಿಡಿಯನ್ನೂ ಹಿಡಿದಿದ್ದಳು. ಸುಶ್ಮಿತಾಳ ಕಾಲು ನೆಲ ಮುಟ್ಟಿತು. ಇಂಜಿನ್ನು ಒಮ್ಮೆ ಉಸಿರು ಹಿಡಿದಂತೆ ಮಾಡಿ, ಮರುಗಳಿಗೆ ಇಬ್ಬರನ್ನೂ ಸೀಟಿಗೆ ಒತ್ತಿತು. ನೂರು ಮುಟ್ಟಿದೊಡನೆ ಬ್ರೇಕು ಹಾಕಿದಳು. ಬಿಳಿ ಕಾರು ಮತ್ತೆ ಕೆಂಪು ಕಾರಿಗೆ ಸಮನಾಗಿತ್ತು.

"ಮುಗೀತ?" ಎಂದು ಕೇಳಿದಳು ಅಂಬವ್ವ.

"ಮುಗೀತು."

"ಲಾರಿ ದಾಟಾಕ ಇಷ್ಟ ಹೊತ್ತ ಸಾಕೇನು?"

"ಇಷ್ಟ ಸಾಕವ್ವಾ. ಇದಕ್ಕಿಂತ ಜಾಸ್ತಿ ಹೊತ್ತ ಅಲ್ಲಿರಬಾರದು."

ಅಂಬವ್ವ ಮುಂದಿನ ಖಾಲಿ ರಸ್ತೆಯನ್ನು ನೋಡುತ್ತ ಕುಳಿತಳು. ಎದುರಿನಿಂದ ಬರುವ ಬಸ್ಸೊಂದನ್ನು ಮನಸ್ಸಿನಲ್ಲೇ ಅಲ್ಲಿ ನಿಲ್ಲಿಸಿ ನೋಡಿದಳೋ ಏನೋ. ಇನ್ನೊಂದು ದಿಕ್ಕಿಗೂ ಓಡಿಸು ಅಂದಳು.

ಅವಳ ಭಯ ಹೋಗಲಿಲ್ಲ. ಮಗಳು ಬಾದಾಮಿಗೆ ಹೊರಟ ದಿನ ಮಗ್ಗದ ಮೇಲೆ ಕುಳಿತರೂ ಕಿವಿ ಬೀದಿಯ ಕಡೆಗೇ ಇರುತ್ತಿತ್ತು. ಸುಶ್ಮಿತಾಳಲ್ಲೂ ಒಂದು ರೂಢಿ ಉಳಿದುಕೊಂಡಿತು. ಕಾರು ಚಾಲೂ ಮಾಡುವ ಮೊದಲು ಆಕ್ಸಿಲರೇಟರನ್ನು ಒಮ್ಮೆ ನೆಲ ಮುಟ್ಟುವವರೆಗೆ ಒತ್ತಿ ನೋಡುವುದು. ಮ್ಯಾಟಿನ ಕೆಳಗೆ ಈಗ ಏನೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಕಾಲು ಕೇಳುತ್ತಿರಲಿಲ್ಲ. ತಾಯಿಗೆ ಕಾಣದಂತೆ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು.

ಒಂದು ದಿನ ಹುನಗುಂದಕ್ಕೆ ಹೊರಟಾಗ, ಸೀರೆಯ ಗಂಟನ್ನು ಹಿಂದಿನ ಸೀಟಿನಲ್ಲಿಟ್ಟು ಬಾಗಿಲು ಹಾಕಿದ ಅಂಬವ್ವ ಕಿಟಕಿಯ ಹತ್ತಿರ ಬಂದು ನಿಂತಳು.

"ದಿನಾ ತುಳದ ನೋಡ್ತಿಯಲ್ಲ," ಅಂದಳು.

ಸುಶ್ಮಿತಾಳ ಮುಖ ಬಿಸಿಯಾಯಿತು. ಪೆಡಲಿನ ಮೇಲಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ನೋಡಿಕೋತ ಇರು. ನಾ ಬ್ಯಾಸರಾ ಮಾಡಕೊಳ್ಳೂದಿಲ್ಲ," ಎಂದು ಅಂಬವ್ವ ದಾರಿ ಬಿಟ್ಟು ನಿಂತಳು.